ಅತ್ತೆಯ ಕೈ, ಬದುವಿನ ಕಳೆ

ಹೊಲದ ಬದುವಿನ ಕಳೆಗೂ ಸರ್ಕಾರ ದುಡ್ಡು ಕೊಡುತ್ತದೆ ಎಂದು ಸೊಸೆ ಹೇಳಿದ ದಿನ ಅತ್ತೆ ನಕ್ಕ ನಗುವಿಗೆ ಕೊಟ್ಟಿಗೆಯ ಹಸುವೂ ತಿರುಗಿ ನೋಡಿತ್ತು.

"ಬೆಳೆಗೆ ಕೊಡ್ತಾರೆ, ಗೊಬ್ಬರಕ್ಕೆ ಕೊಡ್ತಾರೆ, ಕೇಳಿದೀನಿ. ಕಳೆಗೂ ಕೊಡ್ತಾರಾ? ಹಾಗಾದ್ರೆ ನಿನ್ನ ಗಂಡನ ಸೋಮಾರಿತನಕ್ಕೂ ಒಂದು ಅರ್ಜಿ ಹಾಕಿಬಿಡು."

ಸೊಸೆ ಜಗ್ಗಲಿಲ್ಲ. ಬದುವಿನುದ್ದಕ್ಕೂ ಹುಲ್ಲು, ಕಾಡುಹೂವು ತಾವಾಗಿ ಬೆಳೆದರೆ ಜೇನುಹುಳು ಬರುತ್ತವೆ, ಬೆಳೆ ಚೆನ್ನಾಗಿ ಕಾಯಿ ಕಚ್ಚುತ್ತದೆ, ಅದಕ್ಕೇ ಈ ಸಹಾಯಧನ ಎಂದು ಕೃಷಿ ಕಚೇರಿಯಲ್ಲಿ ಹೇಳಿದ್ದರು. ಅದೂ ಅವಳದೇ ಖಾತೆಗೆ! ಬಂದರೆ ಒಂದು ಹಳೇ ಸ್ಕೂಟರ್ ಕೊಳ್ಳುತ್ತೇನೆಂದು ಅತ್ತೆಗೂ ಹೇಳಿದ್ದಳು. ಪೇಟೆಗೆ ಹೋಗಬೇಕೆಂದರೆ ಗಂಡನ ಮರ್ಜಿ, ಅವನಿಗೆ ಪುರುಸೊತ್ತಿಲ್ಲದಿದ್ದರೆ ಹಾಲಿನ ವ್ಯಾನಿನವನ ಮರ್ಜಿ. ಮದುವೆಯಾದಾಗಿನಿಂದ ಕಾದೂ ಕಾದೂ ಅವಳಿಗೆ ಸಾಕಾಗಿಹೋಗಿತ್ತು.

ಅತ್ತೆಗೋ ಕಳೆ ಕಂಡರೆ ಮೈಯೆಲ್ಲ ಉರಿ. ಪಕ್ಕದವರ ಹೊಲದಲ್ಲಿ ನಿಂತು ಕಷ್ಟಸುಖ ಮಾತಾಡುತ್ತಲೇ ಅವರ ಕಳೆಯನ್ನೂ ಕಿತ್ತು ಬರುವ ಹೆಂಗಸು. ಅಂಥವಳು ಸೊಸೆಗಾಗಿ ಆ ಬದುವಿನತ್ತ ತಲೆಹಾಕದೆ ಹಲ್ಲು ಕಚ್ಚಿಕೊಂಡಿದ್ದಳು, ಪಾಪ.

"ಅತ್ತೆ, ನಾಳೆ ಕೃಷಿ ಕಚೇರಿ ಸಾಹೇಬ್ರು ಬದು ನೋಡೋಕೆ ಬರ್ತಾರಂತೆ" ಎಂದು ಸೊಸೆ ಹೇಳಿದ್ದೇ ಎಡವಟ್ಟಾಯಿತು.

ಮಾರನೇ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದವಳು ಹೊಲದತ್ತ ನೋಡಿದಳು. ಬದು ಬೋಳು. ಹುಲ್ಲಿಲ್ಲ, ಹೂವಿಲ್ಲ. ಅತ್ತೆ ಪೊರಕೆ ಹಿಡಿದು ಬೀಗುತ್ತ ನಿಂತಿದ್ದಳು.

"ಹೇಗೆ ಫಳಫಳ ಅಂತಿದೆ ನೋಡೇ!"

"ಅಯ್ಯೋ ಅತ್ತೆ, ಅವರಿಗೆ ಕಳೇನೇ ತೋರಿಸ್ಬೇಕಿತ್ತು!"

"ದುಡ್ಡು ಕೊಡ್ಲಿ, ಬೇಡ ಅಂದೋರ್ಯಾರು? ಅದಕ್ಕಂತ ಮನೆಗೆ ಬಂದೋರಿಗೆ ಕೊಂಪೆ ತೋರಿಸೋದಾ?"

ಸೊಸೆ ಅಲ್ಲೇ ಕುಕ್ಕರಿಸಿ ಅತ್ತಳು. ಸದ್ದಿಲ್ಲದೆ ಅತ್ತಳು. ಅತ್ತೆಯ ಕೈಯಿಂದ ಪೊರಕೆ ಜಾರಿತು.

ಅಷ್ಟರಲ್ಲಿ ಸಾಹೇಬರ ಜೀಪು ಬಂದೇಬಿಟ್ಟಿತು. ಅವರು ಬದುವನ್ನು ನೋಡಿದರು, ಸೊಸೆಯ ಕೆಂಪು ಕಣ್ಣನ್ನೂ ನೋಡಿದರು.

"ಇಲ್ಲೇನೂ ಇಲ್ವಲ್ಲಮ್ಮ?"

"ನಾನೇ ಕಿತ್ತಿದ್ದು ಸ್ವಾಮಿ, ಅವಳದೇನೂ ತಪ್ಪಿಲ್ಲ" ಎಂದು ಅತ್ತೆ ಮುಂದೆ ಬಂದಳು. "ನೀವು ಬರ್ತೀರಿ ಅಂತ ಚೊಕ್ಕ ಮಾಡಿಬಿಟ್ಟೆ. ಬೇರು ಒಳಗೇ ಇದೆ, ಮತ್ತೆ ಏಳ್ತವೆ. ಹುಟ್ಟಿದಾಗಿಂದ ಕೀಳ್ತಿದೀನಿ, ಒಂದು ಸಲನಾದ್ರೂ ಸತ್ತಿದ್ರೆ ಕೇಳಿ!"

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಸರಿ, ಹಂಗಾಮು ಮುಗಿಯೋದ್ರೊಳಗೆ ಇನ್ನೊಂದು ಸಲ ಬರ್ತೀನಿ. ಆಗ್ಲೂ ಹೀಗೇ ಇದ್ರೆ ನನ್ನ ಕೈಲೇನೂ ಆಗಲ್ಲ."

ಅಲ್ಲಿಂದ ಶುರುವಾಯಿತು ನೋಡಿ ಅತ್ತೆಯ ಹೊಸ ಸಂಸಾರ. ಕಳೆಗೆ ಕೊಡಗಟ್ಟಲೆ ನೀರು ಹೊತ್ತಳು. ಮೇಕೆ ಓಡಿಸಿದಳು. ತಿಳಿಯದೆ ಬದು ತುಳಿದ ಮಗನಿಗೆ, "ಕಣ್ಣೇನು ಜೇಬಲ್ಲಿಟ್ಕೊಂಡಿದೀಯಾ?" ಎಂದು ಊರಿಗೆಲ್ಲ ಕೇಳುವಂತೆ ಬೈದಳು. ಆದರೆ ಬಗ್ಗಿದಾಗಲೆಲ್ಲ ಕೈ ತಾನಾಗಿ ಕಳೆಯ ಬುಡಕ್ಕೇ ಹೋಗುತ್ತಿತ್ತು.

ಸಾಹೇಬರು ಮತ್ತೆ ಬಂದಾಗ ಬದು ಹೂವಿನಿಂದ ತುಂಬಿತ್ತು, ಜೇನುಹುಳು ಗುಂಯ್ ಎನ್ನುತ್ತಿದ್ದವು. ಸೊಸೆಗೆ ಮಾತ್ರ ಜೀವದಲ್ಲಿ ಜೀವವಿರಲಿಲ್ಲ. ಅತ್ತೆಯ ಬೆರಳು ಆಗಲೇ ಚಡಪಡಿಸುತ್ತಿದ್ದವು! ಅವಳು ಅತ್ತೆಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸಾಹೇಬರು ಟೇಪು ಹಿಡಿದು ಅಳೆದರು, ಫೋಟೋ ತೆಗೆದರು, "ಮಂಜೂರಾಗುತ್ತೆ ಬಿಡಿ" ಎಂದರು. "ಅತ್ತೆ ಸೊಸೆ ಅಂದ್ರೆ ಹೀಗಿರ್ಬೇಕು. ಕೈ ಬಿಡೋದೇ ಇಲ್ವಲ್ಲ!"

ಜೀಪು ಮರೆಯಾಯಿತು.

"ಬಿಡೇ, ಇನ್ನು ಕೀಳಲ್ಲ" ಎಂದಳು ಅತ್ತೆ. ಆದರೆ ಅವಳೂ ಕೈ ಎಳೆದುಕೊಳ್ಳಲಿಲ್ಲ. ಜೀಪು ಹೋದ ದಾರಿಯತ್ತ ನೋಡುತ್ತ ಕೇಳಿದಳು: "ಆ ಸ್ಕೂಟರ್‌ನಲ್ಲಿ ಹಿಂದೆ ಒಬ್ಬರು ಕೂರಬಹುದಾ?"

"ಕೂರಬಹುದು ಅತ್ತೆ. ಯಾಕೆ?"

"ಪೇಟೆಗೆ ಹೋಗೋಕೆ ಮೊದ್ಲು ನಿನ್ನ ಮಾವನ ಮುಖ ನೋಡ್ತಿದ್ದೆ. ಈಗ ಮಗನ ಮುಖ ನೋಡ್ತೀನಿ. ನಂಗೂ ಸಾಕಾಗಿದೆ ಕಣೇ."