ಗೆಟ್ ಒಂದಿದ್ದರೆ ಸಾಕು

ಹೋಟೆಲಿನ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿದ ಅತ್ತಿಗೆಗೆ ಬೇಕಾಗಿದ್ದದ್ದು ಒಂದು ಕಿಟಕಿ. ಮನೆಯಲ್ಲಿ ನಾದಿನಿ ಕರೆಯುವುದೇ ಹೆಸರಾಗಿ ನೆಲಮಾಳಿಗೆಗೆಲ್ಲ ಅವಳು ಅತ್ತಿಗೆ. ಅಲ್ಲಿ ಹಗಲೂ ಟ್ಯೂಬ್‌ಲೈಟು. ಹೊರಗೆ ಮಳೆಯೋ ಬಿಸಿಲೋ ಎಂಬುದನ್ನು ಒಳಗೆ ಬಂದವರ ಚಪ್ಪಲಿ ನೋಡಿ ತಿಳಿಯಬೇಕು. ಶೀಟು, ಟವೆಲುಗಳನ್ನೆಲ್ಲ ಜೋಡಿಸಿಡುವ ನಾಲ್ಕನೇ ಮಹಡಿಯ ಉಗ್ರಾಣಕ್ಕೆ ಮಾತ್ರ ಗೋಡೆಯಗಲದ ಕಿಟಕಿಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಕೆಲಸ ಬಿಟ್ಟದ್ದೇ ತಡ, ಅತ್ತಿಗೆ ಹಿಂದೆಮುಂದೆ ನೋಡದೆ ಅರ್ಜಿ ಹಾಕಿದಳು. ಆಮೇಲೆ ಗೊತ್ತಾಯಿತು: ಸಂದರ್ಶನ ಮಾಡುವವರು ಹೊಸದಾಗಿ ಬಂದ ಮೇಡಂ. ಅವರ ದೇಶ ಬೇರೆ, ಭಾಷೆ ಬೇರೆ. ಮಾತೇನಿದ್ದರೂ ಇಂಗ್ಲಿಷಿನಲ್ಲೇ.

ಕಾಲೇಜಿಗೆ ಹೋಗುವ ನಾದಿನಿ ವ್ಯಾಕರಣದ ದಪ್ಪ ಪುಸ್ತಕ ಹಿಡಿದು ಪಾಠಕ್ಕೆ ಕೂತಳು.

“ಅತ್ತಿಗೆ, ನಿನ್ನೆ ಕಲಿಸಿದ್ದು ಇವತ್ತಿಗಿಲ್ಲ. ನಿಮ್ಮ ತಲೇಲಿ ಏನು ತುಂಬ್ಕೊಂಡಿದೀರಿ?”

“ಬೆಡ್‌ಶೀಟು. ಮಡಿಚಿಟ್ಟಿದೀನಿ, ಬೇರೇದಕ್ಕೆ ಜಾಗ ಇಲ್ಲ.”

“ಕೋಣನ ಮುಂದೆ ಕಿನ್ನರಿ ಬಾರಿಸ್ಬೇಡ ಕಣೇ,” ಎಂದ ಗಂಡ, ಮೂಲೆಯಿಂದ ತಂಗಿಗೆ.

“ಕೋಣ ಯಾವ್ದು ಅಂತ ಊಟದ ಹೊತ್ತಿಗೆ ಗೊತ್ತಾಗುತ್ತೆ,” ಎಂದಳು ಅತ್ತಿಗೆ.

ನಾದಿನಿ ಪುಸ್ತಕ ಮುಚ್ಚಿದಳು. “ಹೋಗ್ಲಿ ಬಿಡಿ, ಒಂದೇ ಒಂದು ಕಲೀರಿ. ಗೆಟ್.”

“ಒಂದರಿಂದ ಏನು ಸಾಗುತ್ತೆ?”

“ಇದು ಮನೆಯ ಹಿರೀಸೊಸೆ ಇದ್ದ ಹಾಗೆ ಅತ್ತಿಗೆ, ಎಲ್ಲಾ ಕೆಲಸ ಇದರ ತಲೆ ಮೇಲೇ. ಏಳೋದಕ್ಕೂ ಗೆಟ್, ಇಳಿಯೋದಕ್ಕೂ ಗೆಟ್. ತರೋದು, ಸಿಗೋದು, ಅರ್ಥ ಆಗೋದು, ಮದುವೆ ಆಗೋದು, ಸುಸ್ತಾಗೋದು, ಎಲ್ಲಾ ಅದೇ.”

“ಮದುವೆಗೂ ಸುಸ್ತಿಗೂ ಒಂದೇನಾ? ಹಾಗಾದ್ರೆ ಆ ಭಾಷೆಯವರು ತಿಳಿದವರು ಕಣೇ.”

ಅಂದಿನಿಂದ ಗೆಟ್ ಮನೆಯಲ್ಲೇ ಠಿಕಾಣಿ ಹೂಡಿತು. ಮಲಗಿದ ಗಂಡನಿಗೆ ಗೆಟ್ ಅಪ್, ತಂತಿಯ ಮೇಲಿನ ಬಟ್ಟೆಗೆ ಗೆಟ್ ಡ್ರೈ, ಕಾಯಲು ಸತಾಯಿಸುವ ಇಸ್ತ್ರಿಪೆಟ್ಟಿಗೆಗೆ ಗೆಟ್ ಹಾಟ್. ಗಂಡನಿಗೂ ಅಂಟುಜಾಡ್ಯ ತಗುಲಿ, ಒಂದು ಬೆಳಿಗ್ಗೆ “ಗೆಟ್ ಕಾಫಿ” ಎಂದ. “ಯೂ ಗೆಟ್,” ಎಂದಳು. ಅವನೇ ಎದ್ದು ಹೋಗಿ ಮಾಡಿಕೊಂಡ. ಪದಕ್ಕೆ ಇಷ್ಟು ಶಕ್ತಿಯಿದೆ ಎಂದು ಅವಳಿಗೆ ನಂಬಿಕೆ ಬಂದದ್ದು ಆಗಲೇ.

ಸಂದರ್ಶನ ನಡೆದದ್ದು ಆ ಉಗ್ರಾಣದಲ್ಲೇ. ಕಿಟಕಿಗೆ ಪರದೆ ಎಳೆದಿತ್ತು. ಮೇಡಂ ಎತ್ತರದ ಆಳು, ಬಿಗಿಯಾದ ತುರುಬು, ಕೈಯಲ್ಲಿ ಕರವಸ್ತ್ರ. ಅವರು ಮೇಜುಬಟ್ಟೆಯೊಂದನ್ನು ಹರವಿ ಕಲೆಯ ಮೇಲೆ ಬೆರಳಿಟ್ಟರು. ಅತ್ತಿಗೆ ಹೆದರುತ್ತಲೇ ಬಗ್ಗಿ ನೋಡಿದಳು.

“ಐ ಗೆಟ್ ಇಟ್ ಔಟ್,” ಎಂದಳು, ಉಜ್ಜುವಂತೆ ಹೆಬ್ಬೆರಳು ಆಡಿಸುತ್ತ.

ಮೇಡಂ ತಲೆಯಾಡಿಸಿದರು. “ಮಷಿನ್... ಪುಟ್ ಸ್ಟಾಪ್?”

“ಐ ಗೆಟ್ ಮ್ಯಾನ್.”

“ವೆಟ್ ಟವೆಲ್, ಡ್ರೈ ಟವೆಲ್... ಪುಟ್ ಟುಗೆದರ್?”

“ನೋ ನೋ. ಗೆಟ್ ಸ್ಮೆಲ್.”

ಮೇಡಂ ಖುಷಿಯಿಂದ ಮೇಜು ತಟ್ಟಿದರು. ಮುಂದಿನ ಪ್ರಶ್ನೆಗೆ ಬಾಯಿ ತೆರೆದವರು “ಗೆಸ್ಟ್ ಆಂಗ್ರಿ... ಪುಟ್... ಪುಟ್...” ಎಂದು ತಡವರಿಸಿ, ಕರವಸ್ತ್ರದಿಂದ ಹಣೆ ಒತ್ತಿಕೊಂಡರು. ಅತ್ತಿಗೆ ಅವರನ್ನೇ ನೋಡಿದಳು. ಬಾಯಿ ಬಿಟ್ಟಾಗಲೆಲ್ಲ ಪುಟ್. ಅಯ್ಯೋ, ಈಯಮ್ಮನ ಮನೆಯಲ್ಲೂ ಒಬ್ಬಳು ನಾದಿನಿ ಇರಬೇಕು ಎಂದುಕೊಂಡಳು. ಅವಳ ಹೆದರಿಕೆ ಅಲ್ಲೇ ಇಳಿದುಹೋಯಿತು.

“ಐ ಗೆಟ್ ಟೀ. ಗೆಸ್ಟ್ ಗೆಟ್ ಕೂಲ್,” ಎಂದಳು, ಮೇಡಂಗೇ ಸಮಾಧಾನ ಹೇಳುವವಳಂತೆ.

ಮೇಡಂ ಮೊದಲು ತುಟಿ ಕಚ್ಚಿ ಹಿಡಿದರು. ಆಮೇಲೆ ತಡೆಯಲಾಗದೆ ನಕ್ಕರು. ಅತ್ತಿಗೆಯೂ ನಕ್ಕಳು. ನಗುವಿಗೆ ಕ್ರಿಯಾಪದ ಬೇಕಿರಲಿಲ್ಲ.

ಕಣ್ಣೊರೆಸಿಕೊಂಡು ಮೇಡಂ ಅರ್ಜಿಯನ್ನು ಎತ್ತಿ ಹಿಡಿದರು. “ವೈ ಯೂ ಪುಟ್ ದಿಸ್?”

ಇದಕ್ಕೆಂದೇ ನಾದಿನಿ ಉದ್ದನೆಯ ವಾಕ್ಯವೊಂದನ್ನು ಬಾಯಿಪಾಠ ಮಾಡಿಸಿದ್ದಳು. ಅದೀಗ ಹೇಳಹೆಸರಿಲ್ಲದೆ ಮಾಯ. ಅತ್ತಿಗೆ ಎದ್ದುಹೋಗಿ ಪರದೆ ಸರಿಸಿದಳು. ಬೆಳಕು ಟವೆಲುಗಳ ಮೇಲೆ ಬಿತ್ತು. ಕೆಳಗೆ ಬೀದಿ ಒದ್ದೆಯಾಗಿತ್ತು. ಒಬ್ಬ ಗಾಳಿಗೆ ತಿರುಗುಮುರುಗಾದ ಕೊಡೆಯ ಜೊತೆ ಗುದ್ದಾಡುತ್ತಿದ್ದ. ಓ, ಮಳೆ ಬರ್ತಿದೆ.

“ಐ ಗೆಟ್ ವಿಂಡೋ,” ಎಂದಳು. ಅಷ್ಟೇ ಇದ್ದದ್ದು ಅವಳಲ್ಲಿ.

ಮೇಡಂ ಗೋಡೆ ಪಕ್ಕದ ಕುರ್ಚಿಯ ಮೇಲಿದ್ದ ದಿಂಬಿನ ಚೀಲಗಳನ್ನೆಲ್ಲ ತೆಗೆದು ಕಪಾಟಿಗೆ ಸೇರಿಸಿ, ಕುರ್ಚಿಯನ್ನು ಎಳೆದು ತಂದು ಕಿಟಕಿಯ ಎದುರಿಗಿಟ್ಟರು.

“ಪುಟ್,” ಎಂದರು, ಕುರ್ಚಿ ತೋರಿಸಿ, ಆಮೇಲೆ ಅವಳನ್ನು ತೋರಿಸಿ.

ಅತ್ತಿಗೆ ಕೂತಳು.

ಸಂಜೆ ಬಾಗಿಲಲ್ಲೇ ಕಾದಿದ್ದ ನಾದಿನಿ ಕೆಲಸ ಸಿಕ್ಕ ಸುದ್ದಿ ಕೇಳಿ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ಇಳಿಸಿದವಳೇ ಮತ್ತೆ ಪುಸ್ತಕ ತೆಗೆದಳು. “ಇನ್ಮೇಲೆ ಗೆಟ್ ಒಂದೇ ಸಾಲಲ್ಲ ಅತ್ತಿಗೆ. ನಾಳೆಯಿಂದ ಪುಟ್ ಶುರು.”

“ಅದು ಬೇಡ ಕಣೇ,” ಎಂದಳು ಅತ್ತಿಗೆ, ಸೆರಗಿನಿಂದ ಮುಖದ ಮಳೆಹನಿ ಒರೆಸಿಕೊಳ್ಳುತ್ತ. “ಅದು ಮೇಡಂ ಹತ್ರ ಇದೆ. ಬೇಕಾದಾಗ ಈಸ್ಕೊಳ್ತೀನಿ. ನೀನು ನಮ್ಮಿಬ್ಬರ ಹತ್ರಾನೂ ಇಲ್ಲದ್ದು ಯಾವ್ದಾದ್ರೂ ಇದ್ರೆ ಹೇಳು, ಅವರಿಗೂ ಸ್ವಲ್ಪ ಕೊಟ್ಟುಬರ್ತೀನಿ.”