ಒಂದೇ ಒಂದು ‘ಬೇಡ’

"ಅತ್ತೆ, ಗಲ್ಲ ಸ್ವಲ್ಪ ಮೇಲೆ. ಹಾಂ, ಈಗ ಎಡಕ್ಕೆ ತಿರುಗಿ. ಅಷ್ಟೊಂದು ಬೇಡ."

ಆಪರೇಟರಮ್ಮ ಗಲ್ಲ ಎತ್ತಿದರು, ಎಡಕ್ಕೂ ತಿರುಗಿದರು. ಫೋನಿನಲ್ಲಿ ಅವರ ಮುಖದ ಸುತ್ತ ಓಡುತ್ತಿದ್ದ ಹಸಿರು ಗೆರೆ ಇನ್ನೇನು ಪೂರ್ತಿ ಸುತ್ತು ಬರಬೇಕು ಅನ್ನುವಷ್ಟರಲ್ಲಿ ಕೆಂಪಾಯಿತು. ‘ಒಂದಕ್ಕಿಂತ ಹೆಚ್ಚು ಮುಖಗಳು ಕಾಣುತ್ತಿವೆ. ಮತ ಹಾಕುವವರು ಒಬ್ಬರೇ ಇರಬೇಕು’ ಎಂಬ ಸಾಲು ಮತ್ತೆ ಬಂತು. ಸೊಸೆ ಅತ್ತೆಯ ಹೆಗಲ ಮೇಲಿಂದ ಇಣುಕುತ್ತಲೇ ಇದ್ದಳು.

"ನಾನು ಹೋಗ್ಬೇಕಂತೆ," ಎಂದಳು ಸೊಸೆ. "ನಾನೇ ಎಲ್ಲರ ಫೋನಿಗೂ ಈ ಆ್ಯಪ್ ಹಾಕಿಕೊಟ್ಟಿದ್ದು, ಈಗ ನನ್ನನ್ನೇ ಆಚೆ ಹೋಗು ಅಂತಿದೆ."

"ಹೋಗಮ್ಮ. ಅದಕ್ಕಾದ್ರೂ ಸ್ವಲ್ಪ ನಾಚಿಕೆ ಇದೆ."

ಸೊಸೆ ನಗುತ್ತ ಎದ್ದಳು. ಹೊರಗಿನ ಕೋಣೆಯಿಂದ ಮಗನ ದನಿ ಬಂತು: "ಅಮ್ಮ, ಮೇಲಿನದು ‘ಬೇಕು’, ಕೆಳಗಿನದು ‘ಬೇಡ’. ಮೇಲಿನದನ್ನ ಒತ್ತು. ತಪ್ಪಿ ಕೆಳಗಿನದು ಒತ್ತಿಬಿಟ್ಟೀಯ, ಆಮೇಲೆ ಬದಲಾಯಿಸೋಕೆ ಆಗಲ್ಲ."

"ನೀನೂ ಬಾಗಿಲು ಹಾಕ್ಕೊಳ್ಳಪ್ಪ," ಎಂದರು ಆಪರೇಟರಮ್ಮ.

ಬಾಗಿಲು ಮುಚ್ಚಿತು. ಸೊಂಟ ಮುರಿದುಕೊಂಡ ಮೇಲೆ ಈ ಮನೆಯಲ್ಲಿ ಯಾರೂ ಅವರ ಕೋಣೆಯ ಬಾಗಿಲು ಮುಚ್ಚಿದ್ದಿಲ್ಲ. ಸ್ನಾನದ ಮನೆಯ ಬಾಗಿಲಿಗೂ ಒಳಗಿನಿಂದ ಚಿಲಕ ಹಾಕುವಂತಿರಲಿಲ್ಲ. ಬಹಳ ದಿನಗಳ ಮೇಲೆ ಯಾರೋ ತಮಗೊಂದು ಗುಟ್ಟನ್ನು ಇಟ್ಟುಕೊಳ್ಳಲು ಕೊಟ್ಟಿದ್ದಾರೆ ಅನ್ನಿಸಿ ಅವರಿಗೆ ಒಳಗೊಳಗೇ ಖುಷಿಯಾಯಿತು.

ಗುಟ್ಟು ಅವರಿಗೆ ಹೊಸದೇನಲ್ಲ. ವಯಸ್ಸಿದ್ದಾಗ ಅವರು ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಒಬ್ಬರ ಲೈನನ್ನು ಇನ್ನೊಬ್ಬರಿಗೆ ಸೇರಿಸುತ್ತಿದ್ದವರು. ಯಾರ ಮನೆಯಲ್ಲಿ ಮದುವೆ ಮುರಿಯಿತು, ಯಾರ ಅಂಗಡಿ ಮುಳುಗಿತು, ಯಾವ ಡಾಕ್ಟರು ಯಾರಿಗೆ ಫೋನು ಮಾಡಿ ಅತ್ತರು, ಎಲ್ಲವೂ ಅವರ ಕಿವಿ ದಾಟಿಯೇ ಹೋಗುತ್ತಿತ್ತು. ಕೇಳಿದ ಒಂದು ಮಾತನ್ನೂ ಅವರು ತುಟಿಯಿಂದಾಚೆ ಬಿಟ್ಟವರಲ್ಲ. ಗಂಡ ಎಷ್ಟೋ ಸಲ ಕೆಣಕಿ ಸೋತಿದ್ದ. ಆ ಕೆಲಸ ಹೋಗಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಅಂಟಿಕೊಂಡಿತ್ತು.

ಈಗ ಅವರ ಮುಂದಿದ್ದ ಪ್ರಶ್ನೆ ಲಿಫ್ಟಿನದು. ನಾಲ್ಕು ಮಹಡಿಯ ಹಳೆಯ ಕಟ್ಟಡ. ಮೆಟ್ಟಿಲು ಬಿಟ್ಟರೆ ಬೇರೆ ದಾರಿಯಿಲ್ಲ. ಆಪರೇಟರಮ್ಮ ಇರುವುದು ಎಲ್ಲಕ್ಕಿಂತ ಮೇಲೆ. ಅವರು ಕೊನೆಯ ಸಲ ಕೆಳಗಿಳಿದದ್ದು ಇಳಿದದ್ದಲ್ಲ, ಉರುಳಿದ್ದು. ಎಂಜಿನಿಯರ್ ಬಂದು ಗೋಡೆ ತಟ್ಟಿ, ಟಾರ್ಚು ಬಿಟ್ಟು ನೋಡಿ, ಲಿಫ್ಟು ಕೂರಿಸಲು ಇರುವುದು ಮೆಟ್ಟಿಲ ಮಗ್ಗುಲಿನ ಪೊಳ್ಳು ಜಾಗ ಒಂದೇ ಎಂದು ಹೇಳಿಹೋಗಿದ್ದ. ಆ ಪೊಳ್ಳಿನ ತಳದಲ್ಲಿ, ಅಂಗಳಕ್ಕೆ ಮುಖಮಾಡಿ, ಟೈಲರ್ ಕೂತಿದ್ದ.

ಕೂತಿದ್ದ ಅಂದರೆ ಇವತ್ತು ನಿನ್ನೆಯಲ್ಲ. ಕಟ್ಟಡದ ಮೊದಲ ಮಾಲೀಕ ಆ ಗೂಡನ್ನು, ಕಟ್ಟಡದ ಬಹುಮತ ಕೇಳಿದರೆ ಬಿಟ್ಟುಕೊಡಬೇಕೆಂಬ ಷರತ್ತಿನ ಮೇಲೆ, ಅವನ ಅಪ್ಪನಿಗೆ ಬರೆದುಕೊಟ್ಟಿದ್ದ. ಹಾಗಾಗಿ ಅದಕ್ಕೂ ಒಂದು ಮನೆ ನಂಬರು ಇತ್ತು: ಸೊನ್ನೆ. ಸಂಘದಲ್ಲಿ ಸೊನ್ನೆ ನಂಬರಿಗೂ ಒಂದು ಮತ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ತಲೆ ತಾಗುವ ಇಳಿಜಾರು ಸೂರು. ಮಹಡಿಯವರು ಮೆಟ್ಟಿಲು ಇಳಿಯುವ ಸದ್ದಿನಲ್ಲೇ ಯಾರು, ಯಾವ ಅವಸರದಲ್ಲಿದ್ದಾರೆ ಎಂದು ಅವನಿಗೆ ಗೊತ್ತಾಗುತ್ತಿತ್ತು.

ಹಿಂದೆ ಎರಡು ಸಲ ಇದೇ ಪ್ರಶ್ನೆಗೆ ಕೈ ಎತ್ತಿಸಿದ್ದರು. ಸಭೆ ಸೇರುವುದು ಅಂಗಳದಲ್ಲಿ, ಅಂದರೆ ಟೈಲರನ ಕಣ್ಣೆದುರಿಗೆ. ಸಂಘದ ಅಧ್ಯಕ್ಷ ಎರಡನೇ ಮಹಡಿಯ ಡ್ರೈವಿಂಗ್ ಮೇಷ್ಟ್ರು. ದಿನವಿಡೀ ಕಾರು ಕಲಿಯುವವರ ಪಕ್ಕದಲ್ಲಿ ಕೂತು ಬ್ರೇಕು ಒತ್ತಿ ಒತ್ತಿ, ಮಾತಾಡುವಾಗಲೂ ಅವರ ಬಲಗಾಲು ನೆಲ ಒತ್ತುತ್ತಿತ್ತು. "ಲಿಫ್ಟು ಬೇಕು ಅನ್ನೋರು ಕೈ ಎತ್ತಿ," ಎಂದು ಅವರು ಕೂಗಿದರೆ ಒಬ್ಬರಿಗೆ ತಲೆ ತುರಿಕೆ, ಇನ್ನೊಬ್ಬರ ಕೈಯಲ್ಲಿ ಮಗು. ಟೈಲರ್ ತಲೆ ತಗ್ಗಿಸಿ ಗುಂಡಿ ಹೊಲಿಯುತ್ತಿದ್ದ. ಅವನ ಮುಖ ನೋಡಿಕೊಂಡು ಕೈ ಎತ್ತುವ ಎದೆ ಯಾರಿಗೂ ಇರಲಿಲ್ಲ. ಎರಡು ಸಲವೂ ಮುಖದಾಕ್ಷಿಣ್ಯವೇ ಗೆದ್ದಿತು.

ಅದಕ್ಕೇ ಸೊಸೆ ಈ ಏರ್ಪಾಡು ತಂದಿದ್ದಳು. ಅವಳ ಆಫೀಸಿನ ನೌಕರರ ಸಂಘದಲ್ಲಿ ಚುನಾವಣೆ ಫೋನಿನಲ್ಲೇ ಆಗುತ್ತಿತ್ತು. ಫೋನು ಮುಖ ಗುರುತು ಹಿಡಿಯುತ್ತದೆ, ಒಬ್ಬರಿಗೆ ಒಂದೇ ಮತ, ಯಾರು ಏನು ಒತ್ತಿದರು ಎಂದು ಅಧ್ಯಕ್ಷರಿಗೂ ಗೊತ್ತಾಗುವುದಿಲ್ಲ. "ಯಾರೂ ಯಾರ ಮುಖಾನೂ ನೋಡ್ಬೇಕಾಗಿಲ್ಲ," ಎಂದು ಅವಳು ಹೇಳಿದಾಗ ಇಡೀ ಕಟ್ಟಡ ನಿರಾಳವಾಗಿ ಉಸಿರುಬಿಟ್ಟಿತ್ತು. ಟೈಲರನ ಬಿರುಕು ಗಾಜಿನ ಫೋನಿಗೂ ಅವಳೇ ಹಾಕಿಕೊಟ್ಟಳು. ಅವನಿಗೆ ಬೇರೆ ಜಾಗ ಎಲ್ಲಿ ಎಂದು ಯಾರೋ ಕೇಳಿದ್ದಕ್ಕೆ ಮೇಷ್ಟ್ರು, "ಅದನ್ನ ಆಮೇಲೆ ನೋಡೋಣ," ಎಂದಿದ್ದರು. ಆಮೇಲೆ ಎಂದರೆ ಯಾವಾಗ ಎಂದು ಆಪರೇಟರಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಈ ಸಲ ಗೆರೆ ಪೂರ್ತಿ ಸುತ್ತಿತು. ಎರಡು ಚೌಕ ಮೂಡಿದವು. ಮೇಲೆ ‘ಲಿಫ್ಟ್ ಬೇಕು’. ಕೆಳಗೆ ‘ಲಿಫ್ಟ್ ಬೇಡ’.

ಅವರಿಗೆ ಲಿಫ್ಟು ಬೇಕಿತ್ತು. ಸುಳ್ಳು ಯಾಕೆ. ಗೇಟಿನ ತನಕ ಹೋಗಬೇಕು, ಆಮೇಲೆ ರಸ್ತೆ ತಿರುವಿನ ತನಕ. ಆ ತಿರುವಿನಾಚೆ ಏನಿತ್ತು ಎನ್ನುವುದೇ ಈಚೆಗೆ ಮಸುಕಾಗತೊಡಗಿತ್ತು. ತರಕಾರಿಯನ್ನು ತಾವೇ ಒತ್ತಿ ನೋಡಿ ಕೊಳ್ಳಬೇಕು, ಬೆಲೆ ಕೇಳಿ ಹುಬ್ಬು ಹಾರಿಸಬೇಕು. ಒಮ್ಮೊಮ್ಮೆ ಕನಸಿನಲ್ಲಿ ಅವರು ಬರೀ ನಡೆಯುತ್ತಿದ್ದರು, ಎಲ್ಲಿಗೂ ಅಲ್ಲ.

ಆದರೆ ಬಿದ್ದ ದಿನ ಮೊದಲು ಓಡಿ ಬಂದವನು ಟೈಲರ್. ಇಸ್ತ್ರಿ ಮೇಜಿನ ಹಲಗೆಯನ್ನೇ ಕಿತ್ತು ತಂದು, ಅವರನ್ನು ಅದರ ಮೇಲೆ ಮಲಗಿಸಿ, ಸೀರೆಗೆಂದು ಯಾರೋ ಕೊಟ್ಟಿದ್ದ ಅಂಚಿನ ಬಟ್ಟೆಯಿಂದ ಅಲುಗದಂತೆ ಕಟ್ಟಿ, ಮಗನ ಜೊತೆ ಹೊತ್ತು ಆಂಬುಲೆನ್ಸಿಗೆ ಸೇರಿಸಿದವನು. ಹೀಗೆ ಕಟ್ಟಿ ತಂದಿದ್ದರಿಂದಲೇ ಕಾಲು ಉಳಿಯಿತು ಎಂದು ಡಾಕ್ಟರು ಹೇಳಿದ್ದರು. ಆಪರೇಟರಮ್ಮ ಮನೆಗೆ ಬಂದ ಮೇಲೆ ಅವನೇ ಅಡುಗೆಮನೆಯ ಕಿಟಕಿಯಿಂದ ಹಗ್ಗ ಇಳಿಬಿಟ್ಟು, ಅದಕ್ಕೊಂದು ಬುಟ್ಟಿ ಕಟ್ಟಿ, ತನ್ನ ಯಂತ್ರದ ಪಕ್ಕದಲ್ಲಿ ಒಂದು ಗಂಟೆಯನ್ನೂ ತೂಗುಹಾಕಿದ. ಮೇಲಿಂದ ಹಗ್ಗ ಎಳೆದರೆ ಕೆಳಗೆ ಗಂಟೆ ಬಾರಿಸುತ್ತದೆ. ಮಾತ್ರೆ, ಪೇಪರು, ಬಿಚ್ಚಿದ ಹೊಲಿಗೆ, ಎಲ್ಲ ಬುಟ್ಟಿಯಲ್ಲೇ ಓಡಾಡುತ್ತಿದ್ದವು. ಜೊತೆಗೆ ಬೀದಿಯ ಸುದ್ದಿ ಪುಕ್ಕಟೆ.

ಹೋದ ವಾರ ಕೂಡ ಹಳೇ ಗೌನಿನ ಅಂಚು ಹೊಲಿದು ಕಳಿಸಿದ ಮೇಲೆ ಅವನು ಕೂಗಿ ಕೇಳಿದ್ದ: "ಅಕ್ಕ, ಯಾವಾಗ್ಲೂ ಹಳೇದಕ್ಕೇ ತೇಪೆ ಹಾಕಿಸ್ತೀರಲ್ಲ. ಒಂದು ಹೊಸ ಕೋಟು ಹೊಲಿದುಕೊಡ್ಲಾ?"

"ಕೋಟು ಹಾಕ್ಕೊಂಡು ಎಲ್ಲಿಗೆ ಹೋಗ್ಲಿ ತಮ್ಮ, ಅಡುಗೆಮನೆಗಾ?"

ಅವನು ನಕ್ಕಿರಲಿಲ್ಲ. ಅದೀಗ ನೆನಪಾಯಿತು.

ಕೆಳಗೆ ಹೋಗುವುದು ಸರಿ, ಹೋದಾಗ ಅಲ್ಲಿ ಯಾರಿರುತ್ತಾರೆ ಎಂದು ಆಪರೇಟರಮ್ಮ ಯೋಚಿಸಿದರು. ಇಷ್ಟು ದಿನ ತಮ್ಮನ್ನು ಬೀದಿಗೆ ಕಟ್ಟಿ ಹಿಡಿದಿದ್ದ ಹಗ್ಗದ ಇನ್ನೊಂದು ತುದಿ ಅವನ ಕೈಯಲ್ಲಿತ್ತು. ಅವನನ್ನು ಎಬ್ಬಿಸಿ ಆ ಜಾಗದಲ್ಲಿ ತಾವು ಇಳಿಯುವುದು ಅವರಿಂದ ಆಗುವ ಕೆಲಸವಾಗಿರಲಿಲ್ಲ. ಎಲ್ಲರೂ ‘ಬೇಕು’ ಅನ್ನುತ್ತಾರೆ, ಲಿಫ್ಟು ಬಂದೇ ಬರುತ್ತದೆ, ಅದೂ ಗೊತ್ತಿತ್ತು. ಆದರೂ ಅವನ ‘ಬೇಡ’ ಒಂಟಿಯಾಗಬಾರದು, ಅದರ ಪಕ್ಕದಲ್ಲಿ ಇನ್ನೊಂದು ಇರಲಿ ಎಂದುಕೊಂಡು, ಚಾಳೀಸು ಸರಿಮಾಡಿಕೊಂಡು, ಕೆಳಗಿನ ಚೌಕವನ್ನು ಒತ್ತಿದರು.

‘ನಿಮ್ಮ ಮತ ತಲುಪಿದೆ. ಇದನ್ನು ಬೇರೆ ಯಾರೂ ನೋಡಲಾರರು’ ಎಂದಿತು ಫೋನು.

"ಆಯ್ತಾ ಅಮ್ಮ? ಮೇಲಿನದೇ ತಾನೆ?" ಬಾಗಿಲಾಚೆಯಿಂದ ಮಗ ಕೇಳಿದ.

"ಆಯ್ತಪ್ಪ," ಎಂದರು ಅವರು, ಮೊದಲ ಪ್ರಶ್ನೆಗೆ ಮಾತ್ರ.

ಸಂಜೆ ಬಿಸಿಲು ಅಂಗಳದ ಅರ್ಧಕ್ಕೆ ಬಂದಾಗ ಎಲ್ಲರೂ ಕೆಳಗೆ ಸೇರಿದರು. ಮಗ, ಸೊಸೆ ಇಬ್ಬರೂ ಇಳಿದು ಹೋಗಿದ್ದರು. ಆಪರೇಟರಮ್ಮ ಅಡುಗೆಮನೆಯ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತರು. ಅಲ್ಲಿಂದ ಕಾಣುವುದು ಎಲ್ಲರ ನೆತ್ತಿ. ಮೇಷ್ಟ್ರು ಬಾಚಿ ಮುಚ್ಚಿಕೊಂಡಿದ್ದ ಬೋಳೂ ಕಾಣುತ್ತಿತ್ತು. ಟೈಲರ್ ಸೂಜಿಗೆ ದಾರ ಪೋಣಿಸುತ್ತ ತನ್ನ ಜಾಗದಲ್ಲೇ ಇದ್ದ.

ಮೇಷ್ಟ್ರು ಫೋನನ್ನು ಕಣ್ಣಿಂದ ದೂರ ಹಿಡಿದು ಓದಿದರು. "ಮತ ಹಾಕದೇ ಇರೋರು ಯಾರೂ ಇಲ್ಲ. ಎಲ್ಲರೂ ಹಾಕಿದೀರಿ, ಸಂತೋಷ. ಬೇಕು ಅಂದೋರು ಹದಿನೇಳು." ಅವರ ಬಲಗಾಲು ನೆಲ ಒತ್ತಿತು. "ಬೇಡ ಅಂದೋರು, ಒಂದು."

ಆಪರೇಟರಮ್ಮನಿಗೆ ಮೊದಲು ಲೆಕ್ಕ ಹತ್ತಲಿಲ್ಲ. ಒಂದು ಹೇಗಾಗುತ್ತದೆ, ಎರಡು ಇರಬೇಕಲ್ಲ. ತಮ್ಮದು ತಲುಪಲಿಲ್ಲವೇನೋ ಅಂದುಕೊಂಡರು. ತಲುಪಿದೆ ಎಂದು ಅದೇ ಹೇಳಿತ್ತಲ್ಲ. ಹಾಗಿದ್ದರೆ ಆ ಒಂದು ತಮ್ಮದು. ಹಾಗಿದ್ದರೆ ಸೊನ್ನೆ ನಂಬರಿನ ಮತ...

ಅವರು ಕಿಟಕಿಯ ಸರಳನ್ನು ಹಿಡಿದುಕೊಂಡರು. ಕಣ್ಣು ತುಂಬಿ ಕೆಳಗಿನ ನೆತ್ತಿಗಳೆಲ್ಲ ಕಲಸಿಹೋದವು.

ಕೆಳಗೆ ಯಾರೂ ಟೈಲರನ ಕಡೆ ನೋಡಲಿಲ್ಲ. ನೋಡದೇ ಇರುವುದರಲ್ಲೇ ಎಲ್ಲ ಇತ್ತು. ಮೇಷ್ಟ್ರು ದೊಡ್ಡ ಮನಸ್ಸು ಮಾಡಿ, "ಹೋಗ್ಲಿ ಬಿಡಿ. ಅವರವರ ಹೊಟ್ಟೆಪಾಡು. ನಾವ್ಯಾರೂ ತಪ್ಪು ತಿಳ್ಕೊಳ್ಳಲ್ಲ," ಎಂದರು.

"ಆದ್ರೂ," ಎಂದು ಮೂರನೇ ಮಹಡಿಯ ಸೋಡಾಬುಡ್ಡಿ ಚಾಳೀಸಿನ ಹೆಂಗಸು ಗೊಣಗಿದಳು, "ಆಪರೇಟರಮ್ಮನ ಮುಖ ನೋಡಿಯಾದ್ರೂ ಹೂಂ ಅನ್ನಬಹುದಿತ್ತು."

ಅಲ್ಲ, ನಾನು ಹೂಂ ಅಂದೆ ಎಂದು ಟೈಲರ್ ಹೇಳಿದ್ದರೆ ಮುಗಿಯುತ್ತಿತ್ತು. ಅವನು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ಸೂಜಿಯ ಕಣ್ಣು ಹುಡುಕಿದ.

ಬಾಯಿಗೆ ಬೀಗ ಹಾಕಿಕೊಂಡೇ ಬದುಕಿದ ಹೆಂಗಸು ಆಪರೇಟರಮ್ಮ. ಈಗ ಸುಮ್ಮನಿರುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಅವರು ಹಗ್ಗ ಹಿಡಿದು ಎಳೆದರು.

ಗಂಟೆ ಬಾರಿಸಿತು. ನೆತ್ತಿಗಳೆಲ್ಲ ಮುಖಗಳಾಗಿ ಮೇಲೆ ತಿರುಗಿದವು.

"ಆ ಒಂದು ‘ಬೇಡ’ ನನ್ನದು," ಎಂದರು ಆಪರೇಟರಮ್ಮ. ದೂರದ ಊರಿನ ಲೈನಿಗೂ ಕೇಳುವಂತೆ ಮಾತಾಡಿ ಪಳಗಿದ ದನಿ ಅದು, ಕೂಗಬೇಕಾಗಲಿಲ್ಲ.

ಮಗನೇ ಮೊದಲು ಬಾಯಿ ಬಿಟ್ಟ. "ಅಮ್ಮ ತಪ್ಪಿ ಕೆಳಗಿನದು ಒತ್ತಿದಾಳೆ. ನಾನು ಹೇಳಿದ್ದೆ."

"ತಪ್ಪಿ ಅಲ್ಲಪ್ಪ. ಚಾಳೀಸು ಹಾಕ್ಕೊಂಡೇ ಒತ್ತಿದ್ದು."

"ನಿನಗೋಸ್ಕರ ಅಲ್ವೇನಮ್ಮ ಇದೆಲ್ಲ..."

"ಗೊತ್ತು ಮಗ. ನೀನು ನನಗೋಸ್ಕರ ಓಡಾಡಿದ್ದು ಗೊತ್ತು. ಅದಕ್ಕೆ ಋಣಿ. ಇನ್ನೊಬ್ಬರಿಗೂ ಋಣಿ, ಅವರ ಹೆಸರು ಹೇಳಲ್ಲ. ಗುಟ್ಟಿನ ಮತ ಅಲ್ವಾ."

ಕೆಳಗಿದ್ದವರು ಮುಂದಿನ ಲೆಕ್ಕ ಅವರವರೇ ಹಾಕಿಕೊಂಡರು. ಸೊಸೆಗೆ ತಟ್ಟನೆ ಹೊಳೆದು ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮೂರನೇ ಮಹಡಿಯ ಹೆಂಗಸು ಚಾಳೀಸು ತೆಗೆದು ಒರೆಸತೊಡಗಿದಳು, ಎಷ್ಟು ಒರೆಸಿದರೂ ಹಾಕಿಕೊಳ್ಳಲಿಲ್ಲ. ಎಲ್ಲರಿಗಿಂತ ಹೊತ್ತು ಹಿಡಿದದ್ದು ಮೇಷ್ಟ್ರಿಗೆ. ಅವರು ಫೋನು ನೋಡಿದರು, ಬೆರಳು ಮಡಿಚಿದರು, ಮತ್ತೆ ಫೋನು ನೋಡಿದರು. ಆಮೇಲೆ ನಿಧಾನವಾಗಿ ಮೆಟ್ಟಿಲ ಮಗ್ಗುಲಿನ ಗೂಡಿನ ಕಡೆ ತಿರುಗಿದರು. ಎರಡು ಸಭೆಗಳಲ್ಲಿ ಯಾರೂ ನೇರವಾಗಿ ನೋಡದಿದ್ದ ಆ ಮುಖವನ್ನು ಈಗ ಎಲ್ಲರೂ ನೋಡುತ್ತಿದ್ದರು. ಟೈಲರ್ ಕೈ ಎಲ್ಲಿಡಬೇಕೋ ತಿಳಿಯದೆ ಯಂತ್ರದ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದ.

ಮೇಷ್ಟ್ರು ಫೋನನ್ನು ಜೇಬಿಗಿಟ್ಟರು. "ಗೇಟಿನ ಪಕ್ಕ ಹಳೇ ಸೈಕಲ್ ತುಂಬಿರೋ ಕೋಣೆ ಇದೆಯಲ್ಲ, ಅದರ ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ," ಎಂದಳು ಮೂರನೇ ಮಹಡಿಯ ಹೆಂಗಸು. "ಈಗ್ಲೇ ತರ್ತೀನಿ." ಹೇಳುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತುತ್ತಿದ್ದಳು.

"ಅದಕ್ಕೆ ಕಿಟಕೀನೂ ಇದೆ," ಎಂದ ಮಗ, ಯಾರಿಗೆಂದಿಲ್ಲದೆ. "ಬೆಳಕು ಚೆನ್ನಾಗಿ ಬರುತ್ತೆ." ಆಮೇಲೆ ತಲೆ ಎತ್ತಿ ಅಮ್ಮನನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

ಆಪರೇಟರಮ್ಮ ಕುರ್ಚಿಯಲ್ಲಿ ಹಿಂದಕ್ಕೊರಗಿ ಕಣ್ಣೊರೆಸಿಕೊಂಡರು. ಇಂಥ ಜನರ ತಲೆಯ ಮೇಲೆ ತಾವು ಇಷ್ಟು ವರ್ಷ ವಾಸವಾಗಿದ್ದೆವಲ್ಲ ಎಂದು ಅವರಿಗೆ ಹೇಳಲಾರದಷ್ಟು ನೆಮ್ಮದಿಯಾಯಿತು. ಕೆಳಗೆ ಸೈಕಲ್ಲುಗಳನ್ನು ಎಳೆದು ಹಾಕುವ ಸದ್ದು, ಮೇಷ್ಟ್ರು ದಾರಿ ತೋರಿಸುವ ದನಿ: "ಹಿಂದೆ, ಹಿಂದೆ, ಸ್ವಲ್ಪ ಎಡಕ್ಕೆ, ನಿಲ್ಲಿ."

ಅಷ್ಟರಲ್ಲಿ ಹಗ್ಗ ಅಲುಗಿತು. ಯಾರೋ ಕೆಳಗಿನಿಂದ ಎರಡು ಸಲ ಜಗ್ಗಿದಂತಿತ್ತು. ಅವರು ಬಗ್ಗಿ ನೋಡಿದಾಗ ಟೈಲರ್ ಆಗಲೇ ಬೆನ್ನು ತಿರುಗಿಸಿ ಮೇಜಿನ ಮೇಲಿನ ಬಟ್ಟೆ ಮಡಿಚುತ್ತಿದ್ದ. ಬುಟ್ಟಿ ಎಂದಿಗಿಂತ ಹಗುರವಾಗಿತ್ತು. ಎಳೆದುಕೊಂಡು ನೋಡಿದರೆ ಒಳಗೆ ಮಾತ್ರೆಯಿಲ್ಲ, ಪೇಪರಿಲ್ಲ, ಅವನು ಯಾವಾಗಲೂ ಕೊರಳಿಗೆ ಹಾಕಿಕೊಂಡಿರುತ್ತಿದ್ದ ಅಳತೆ ಟೇಪು ಸುರುಳಿ ಸುತ್ತಿಕೊಂಡು ಕೂತಿತ್ತು.

ಆಪರೇಟರಮ್ಮ ಕಿಟಕಿಯ ಸರಳು ಹಿಡಿದು ಎದ್ದು ನಿಂತರು. ಟೇಪನ್ನು ಬಿಡಿಸಿ, ಕೋಟಿನ ಅಳತೆಗೆ ಅದರ ಒಂದು ತುದಿಯನ್ನು ಹೆಗಲ ಮೇಲೆ ಒತ್ತಿಹಿಡಿದು, ಇನ್ನೊಂದು ತುದಿ ಹಿಡಿಯಲು ಸೊಸೆ ಮೆಟ್ಟಿಲು ಹತ್ತಿ ಬರಲೆಂದು ಕಾದರು.