ಅಂಗಳಕ್ಕೆ ಬಿದ್ದ ಕಲ್ಲಿನ ಪ್ರಾಯ

ಅಳದಂಗಡಿಯ ವಿಮಲಾ ಅವರ ಅಂಗಳಕ್ಕೆ ಹಾಡಹಗಲೇ ಆಕಾಶದಿಂದ ಕಪ್ಪು ಕಲ್ಲೊಂದು ಬಿತ್ತು. ಬೇರೆಯವರಾಗಿದ್ದರೆ ಪೊಲೀಸರಿಗೆ ಫೋನ್ ಮಾಡುತ್ತಿದ್ದರು. ವಿಮಲಾ ಅದಕ್ಕೆ ಸ್ನಾನ ಮಾಡಿಸಿದರು. ಅದೂ ಎಂಥ ಸ್ನಾನ! ಜೈನರ ಮನೆಯಲ್ಲವೇ, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿದ ಹುಳಹುಪ್ಪಟೆಗಳನ್ನು ಜೋಪಾನವಾಗಿ ಬಾವಿಗೇ ಬಿಟ್ಟು, ನೀರು ಕುದಿಸಿ, ಬಿಸಿಬಿಸಿಯಾಗಿಯೇ ಸುರಿದು ತಿಕ್ಕಿದರು. ಆಮೇಲೆ ಮಣೆ ಹಾಕಿ ಕೂರಿಸಿದರು.

ಸುದ್ದಿ ತಿಳಿದು ಪ್ರಯೋಗಾಲಯದಿಂದ ಬಂದ ವಿಜ್ಞಾನಿ, ಮೂಡಬಿದ್ರೆಯ ಹುಡುಗಿ ವಿಸ್ಮಿತಾ, ತಲೆ ಮೇಲೆ ಕೈ ಹೊತ್ತು ಕೂತಳು.

“ಅಕ್ಕ, ಇಂಥ ಕಲ್ಲಿನಲ್ಲಿ ಜೀವದ ಕುರುಹು ಉಂಟಾ ಅಂತ ನಾವು ಹುಡುಕುವುದು. ಇನ್ನು ಎಂತ ಸಿಕ್ಕಿದರೂ ನಿಮ್ಮ ಬಾವಿಯದ್ದೇ ಅಂತ ಹೇಳ್ತಾರೆ.”

ವಿಮಲಾರ ಎದೆ ಧಸಕ್ಕೆಂದದ್ದು ಬೇರೆಯೇ ಕಾರಣಕ್ಕೆ. “ಜೀವವಾ? ಕುದಿಯುವ ನೀರು ಹೊಯ್ದೆನಲ್ಲ ಮಾರಾಯ್ತಿ! ಸತ್ತಿದ್ದರೆ?”

ವಿಸ್ಮಿತಾಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ಕಲ್ಲಿನಲ್ಲಿ ಬಿರುಕುಂಟು. ನೀರು ಎಷ್ಟು ಒಳಗೆ ಹೋಗಿದೆ ಅಂತ ನೋಡದೆ ಹೇಳಲಿಕ್ಕಾಗುವುದಿಲ್ಲ” ಎಂದು ಕಲ್ಲನ್ನು ಕೊಂಡುಹೋದಳು.

ಅಂದಿನಿಂದ ವಿಮಲಾ ದಿನಕ್ಕೆ ಒಂದೇ ಊಟದ ಒಪ್ಪೊತ್ತು ಹಿಡಿದರು. “ಕಲ್ಲಿಗೆ ಬಿಸಿನೀರು ಹೊಯ್ದದ್ದಕ್ಕೂ ಪ್ರಾಯಶ್ಚಿತ್ತವಾ?” ಎಂದು ಗಂಡ ಧರ್ಮಪಾಲರು ನಗೆಯಾಡಿದರು. ವಿಮಲಾ ನಗಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ವಿಸ್ಮಿತಾಳ ಫೋನ್ ಬಂತು. “ನಿಮ್ಮ ನೀರು ಕಲ್ಲಿನ ನಡುವಿಗೆ ಹೋಗಲೇ ಇಲ್ಲ ಅಕ್ಕ. ಅಲ್ಲಿ ಜೀವ ಸಿಕ್ಕಲಿಲ್ಲ, ಸತ್ತದ್ದೂ ಸಿಕ್ಕಲಿಲ್ಲ. ಜೀವ ಹುಟ್ಟಲಿಕ್ಕೆ ಬೇಕಾದ ಸಾಮಾನು ಮಾತ್ರ ಉಂಟು, ಹಾಗೆಯೇ ಉಂಟು.”

ವಿಮಲಾರಿಗೆ ಹೋದ ಜೀವ ಬಂದಂತಾಯಿತು. “ಅದರ ಪ್ರಾಯ ಎಷ್ಟಂತೆ?”

“ಒಳಗೆ ಬಿಳಿ ಚುಕ್ಕಿಗಳುಂಟು. ಅವುಗಳಲ್ಲಿರುವ ಯುರೇನಿಯಂ ನಿಧಾನಕ್ಕೆ ಸೀಸ ಆಗ್ತಾ ಇರ್ತದೆ. ಬಿಸಿ ಮಾಡಿದರೂ ತಣಿಸಿದರೂ ಆ ವೇಗ ಬದಲಾಗುವುದಿಲ್ಲ. ಎಷ್ಟು ಸೀಸ ಆಗಿದೆ ಅಂತ ಅಳೆದೆವು. ನಾನೂರ ಐವತ್ತಾರು ಕೋಟಿ ವರ್ಷ. ಭೂಮಿಗಿಂತ ಹಿರಿಯದು.”

ವಿಮಲಾ ತಮ್ಮ ಕಾಲಡಿಯ ನೆಲ ನೋಡಿದರು.

“ಭೂಮಿಯೇ ಇಲ್ಲದಾಗ ಅದು ಎಲ್ಲಿ ನಿಂತಿತ್ತು?”

“ನಿಂತಿರಲಿಲ್ಲ. ಸೂರ್ಯನ ಸುತ್ತ ಸುತ್ತುತ್ತಾ ಇತ್ತು.”

“ಒಮ್ಮೆಯೂ ನಿಲ್ಲಲಿಲ್ಲವಾ?”

“ಇಲ್ಲ ಅಕ್ಕ.”

ವಿಮಲಾ ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಇಳಿದರು. ಅಷ್ಟು ಕಾಲ ಸುತ್ತಿದ ಕಲ್ಲು ಮೊದಲ ಸಲ ನಿಂತದ್ದು ಇಲ್ಲಿ, ದಿನಾ ತಾವು ಗುಡಿಸುವ ಈ ಮಣ್ಣಿನ ಮೇಲೆ. ಅಳು ಬಂತು, ತಡೆಯಲಿಲ್ಲ.

“ಎಂತಾಯಿತು?” ಎಂದು ಧರ್ಮಪಾಲರು ಗಾಬರಿಯಿಂದ ಓಡಿ ಬಂದರು.

“ಚಪ್ಪಲಿ ತೆಗೆಯಿರಿ” ಎಂದರು ವಿಮಲಾ.